ಗುಡುಗಮ್ಮನ ದಪ್ಪ ತಂತಿ

ಅವಳನ್ನು ಗುಡುಗಮ್ಮ ಎಂದು ಮೊದಲು ಕರೆದವನು ಅವಳ ಭಾವ. ಹೆಂಡತಿಯ ತಂಗಿ ಬೇಸ್ ಗಿಟಾರ್ ನುಡಿಸುತ್ತಾಳೆ ಎಂದು ಕೇಳಿ ‘ಏನೋ ಹುಡುಗಾಟ’ ಎಂದುಕೊಂಡಿದ್ದ ಮನುಷ್ಯ, ಅವಳು ಮೊದಲ ಸಲ ತನ್ನ ಡ್ರಮ್ಮಿನ ಪಕ್ಕ ನಿಂತು ಕೆಳಗಿನ ತಂತಿ ಮೀಟಿದ ಕೂಡಲೇ ಕೈಯಲ್ಲಿದ್ದ ಕೋಲನ್ನೇ ಬಿಟ್ಟುಬಿಟ್ಟಿದ್ದ. ಅಡುಗೆಮನೆಯ ಕಪಾಟಿನಲ್ಲಿ ಲೋಟಗಳು ಗಲಗಲ ಅಂದಿದ್ದವು. “ಚೋಟುದ್ದ ಇದ್ದೀಯ, ಎಲ್ಲಿಂದ ತಂದೆಯಮ್ಮ ಈ ಗುಡುಗು?” ಎಂದು ಅವನು ಕೇಳಿದ್ದೇ ಹೆಸರಾಗಿ ನಿಂತುಬಿಟ್ಟಿತು. ಈಗ ಅವಳಿಗೆ ಐವತ್ತು ಸಮೀಪಿಸಿದೆ. ಕಿವಿಯ ಹಿಂದೆ ಕೂದಲು ಬೆಳ್ಳಗಾಗಿದೆ. ಹೆಸರು ಮಾತ್ರ ಹಾಗೇ ಇದೆ.

ಹಗಲು ಅವಳದು ಕುಶನ್ ಕೆಲಸ. ಗಂಡ ಹೆಂಡತಿ ಸೇರಿ ನಡೆಸುವ ಅಂಗಡಿ. ಗಂಡ ಬಸ್ಸು ಲಾರಿಗಳ ಸೀಟು ನೋಡಿಕೊಂಡರೆ ಇವಳದು ಸೋಫಾ, ಕುರ್ಚಿ. ಹಳೆಯ ಬಟ್ಟೆ ಕಿತ್ತು, ಜೋತುಬಿದ್ದ ನವಾರು ಪಟ್ಟಿಯನ್ನು ಎಳೆದು ಬಿಗಿದು, ಫೋಮು ಕತ್ತರಿಸಿ ಕೂರಿಸಿ, ಹೊಸ ಬಟ್ಟೆಯನ್ನು ಒಂದು ಸುಕ್ಕೂ ಬಾರದಂತೆ ಹಿಡಿದು ಪಿನ್ ಹೊಡೆಯಬೇಕು. ಎಡಗೈ ಎಳೆಯುತ್ತದೆ, ಬಲಗೈ ಹೊಡೆಯುತ್ತದೆ. ಅಂಗಡಿಯ ಹಿಂದಿನ ಕೋಣೆಯಲ್ಲಿ ಫೋಮಿನ ಹಾಳೆಗಳನ್ನು ಸೂರಿನವರೆಗೆ ಗೋಡೆಗೆ ಒರಗಿಸಿದ್ದಾರೆ. ಅಲ್ಲಿ ಎಷ್ಟೇ ಜೋರಾಗಿ ಬಾರಿಸಿದರೂ ಪಕ್ಕದ ಮನೆಯವರು ಗೊಣಗುವುದಿಲ್ಲ. ಹಾಗಾಗಿ ವಾದ್ಯತಂಡದ ಅಭ್ಯಾಸವೂ ಅಲ್ಲೇ.

ತಂಡ ಎಂದರೆ ನಾಲ್ಕು ಜನ. ಹಾಡುವವಳು ಅಕ್ಕ. ಡ್ರಮ್ಮು ಭಾವನದು. ಗಿಟಾರು ಗಣಿತದ ಮೇಷ್ಟ್ರದು. ಅವರಿಗೆ ಮಾತು ಕಡಿಮೆ, ಹಟ ಜಾಸ್ತಿ. ಬೇಸ್ ಗುಡುಗಮ್ಮನದು. ಶನಿವಾರ ಸಂಜೆ ರೈಲ್ವೆ ಕಾರ್ಮಿಕರ ಸಂಘದ ಸಭಾಂಗಣದಲ್ಲಿ ಇವರು ನುಡಿಸುತ್ತಾರೆ, ಜನ ಜೋಡಿ ಜೋಡಿಯಾಗಿ ಕುಣಿಯುತ್ತಾರೆ. ಕುಣಿಯುವವರಲ್ಲಿ ಹೆಚ್ಚಿನವರು ಮೊಮ್ಮಕ್ಕಳನ್ನು ಕಂಡವರು. ಮಂಡಿ ನೋವೆಂದು ವಾರವಿಡೀ ನರಳಿ ಶನಿವಾರ ಬಂದ ಕೂಡಲೇ ಬೂಟು ಪಾಲಿಶ್ ಮಾಡಿಕೊಳ್ಳುವ ಪೈಕಿ.

ಬೇಸ್ ಗಿಟಾರಿಗೆ ನಾಲ್ಕೇ ತಂತಿ. ತಂತಿಯ ದಪ್ಪವನ್ನು ಇಂಚಿನ ಸಾವಿರದಲ್ಲೊಂದು ಪಾಲಿನ ಲೆಕ್ಕದಲ್ಲಿ ಅಳೆಯುತ್ತಾರೆ. ಅಂಗಡಿಯಲ್ಲಿ ಬರೀ ಅಂಕಿ ಹೇಳಿದರೆ ಸಾಕು. ಎಲ್ಲಕ್ಕಿಂತ ಕೆಳಗಿನ ಸ್ವರದ ತಂತಿಗೆ ಹೆಚ್ಚಿನವರು ನೂರೈದು ಹಾಕುತ್ತಾರೆ. ಗುಡುಗಮ್ಮನದು ನೂರಹತ್ತು, ಅದರ ಪಕ್ಕದ್ದು ತೊಂಬತ್ತು. ತಂತಿ ದಪ್ಪವಾದಷ್ಟೂ ಅದನ್ನು ಅದೇ ಸ್ವರಕ್ಕೆ ತರಲು ಹೆಚ್ಚು ಬಿಗಿಯಬೇಕು. ಬಿಗಿದಷ್ಟೂ ಸದ್ದು ಗಟ್ಟಿ, ಆದರೆ ಅದುಮಿ ಹಿಡಿಯುವ ಕೈಗೆ ಅಷ್ಟೇ ಕೆಲಸ. ಚಿಕ್ಕ ವಯಸ್ಸಿನಲ್ಲಿ ಕೈಯಲ್ಲಿದ್ದ ತಂತಿ ಹರಿದು, ಅಂಗಡಿಯಲ್ಲಿ ಸಿಕ್ಕಿದ್ದನ್ನು ಹಾಕಿಕೊಂಡು ಬಂದಿದ್ದಳು; ಅದು ನೂರಹತ್ತಾಗಿತ್ತು. ಆ ಸಂಜೆ ಹಾಡು ಮುಗಿಸಿ ಬಂದ ಅಕ್ಕ ಅವಳ ತೋಳು ಹಿಡಿದು, “ಇವತ್ತು ನೆಲದ ಮೇಲೆ ನಿಂತು ಹಾಡಿದ ಹಾಗಾಯ್ತು ಕಣೇ. ಇಷ್ಟು ದಿನ ಹಲಗೆ ಮೇಲೆ ನಿಂತಿದ್ದೆ” ಅಂದಿದ್ದಳು. ಅಕ್ಕ ಹೊಗಳುವುದೇ ಅಪರೂಪ. ಅವತ್ತಿನಿಂದ ಗುಡುಗಮ್ಮ ತಂತಿಯ ಅಂಕಿ ಬದಲಿಸಿರಲಿಲ್ಲ.

ಹೋದ ಚಳಿಗಾಲದಲ್ಲಿ ಎಡಗೈ ಹೆಬ್ಬೆರಳಿನ ಬುಡ ಕುಟುಕಲು ಶುರುವಾಯಿತು. ಮೊದಲು ಬಟ್ಟೆ ಎಳೆಯುವಾಗ, ಆಮೇಲೆ ಬೀಗದಕೈ ತಿರುಗಿಸುವಾಗ, ಕೊನೆಗೆ ಸುಮ್ಮನೆ ಕೂತಾಗಲೂ. ಅವಳು ಯಾರಿಗೂ ಹೇಳಲಿಲ್ಲ. ಗಂಡನೂ ಏನೂ ಕೇಳಲಿಲ್ಲ. ಆದರೆ ಅಡುಗೆಮನೆಯ ಡಬ್ಬಿಗಳ ಮುಚ್ಚಳಗಳೆಲ್ಲ ಯಾವಾಗ ನೋಡಿದರೂ ಸಡಿಲವಾಗಿಯೇ ಇರತೊಡಗಿದವು. ಕೊನೆಗೆ ಅವಳು ಡಾಕ್ಟರ ಹತ್ತಿರ ಹೋದಳು.

“ಹೆಬ್ಬೆರಳಿನ ಬುಡದ ಕೀಲು ಸವೆದಿದೆ. ಎಳೆಯೋದು, ಅದುಮೋದು ಎರಡನ್ನೂ ಕಡಿಮೆ ಮಾಡಿ” ಎಂದರು ಡಾಕ್ಟರು.

“ಎಳೆಯೋದು ನನ್ನ ಹೊಟ್ಟೆಪಾಡು, ಅದುಮೋದು ನನ್ನ ಹುಚ್ಚು. ಎರಡನ್ನೂ ಬಿಟ್ಟು ನಾನೇನು ಕೂತ್ಕೊಂಡು ಆಕಳಿಸ್ಲಾ ಡಾಕ್ಟ್ರೇ?”

“ಬಿಡಿ ಅಂತ ಹೇಳ್ಲಿಲ್ಲಮ್ಮ. ಹಗುರ ಮಾಡ್ಕೊಳ್ಳಿ.”

ಬಟ್ಟೆ ಎಳೆಯುವುದನ್ನು ಗಂಡ ತಾನಾಗಿ ವಹಿಸಿಕೊಂಡ. ಉಳಿದದ್ದು ತಂತಿ. ಅವಳು ಒಬ್ಬಳೇ ವಾದ್ಯದ ಅಂಗಡಿಗೆ ಹೋದಳು. ಅದನ್ನೂ ಗಂಡ ಹೆಂಡತಿಯೇ ನಡೆಸುವುದು. ಗಂಡ ಮುಂದೆ ಕೂತು ಮಾತಾಡುತ್ತಾನೆ, ಹೆಂಡತಿ ಹಿಂದೆ ಮೇಜಿನ ಮೇಲೆ ರಿಪೇರಿ ಮಾಡುತ್ತಾಳೆ.

“ತೊಂಬತ್ತೈದರಿಂದ ಶುರುವಾಗೋ ಸೆಟ್ ಇದೆಯಾ?”

ಅಂಗಡಿಯವನು ಕನ್ನಡಕ ಮೇಲೇರಿಸಿ ಅವಳನ್ನೇ ನೋಡಿದ. “ತೊಂಬತ್ತೈದಾ? ನಿಮಗಾ? ಬೇಡಿ ಗುಡುಗಮ್ಮನೋರೇ, ಇದನ್ನ ಹಾಕ್ಕೊಂಡ್ರೆ ಜನ ನಿಮ್ಮನ್ನ ತುಂತುರಮ್ಮ ಅಂತ ಕರೀತಾರೆ!”

“ನನಗಲ್ಲ. ನೆಂಟರ ಹುಡುಗಿಗೆ” ಎಂದಳು ಅವಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದಕ್ಕೆ ಕಿವಿ ಬಿಸಿಯಾಯಿತು. ಹಿಂದಿನ ಮೇಜಿನಿಂದ ಹೆಂಡತಿ ಒಮ್ಮೆ ತಲೆಯೆತ್ತಿ ನೋಡಿ ಮತ್ತೆ ಕೆಲಸಕ್ಕೆ ಬಗ್ಗಿದಳು.

ಮನೆಗೆ ಬಂದು ಹೊಸ ತಂತಿ ಹಾಕಿ ನುಡಿಸಿದಾಗ ಅವಳ ಕಣ್ಣಲ್ಲಿ ನೀರು ಬಂತು. ಬೆರಳು ಇಟ್ಟರೆ ಸಾಕು, ತಂತಿ ತಾನಾಗಿ ಒಪ್ಪಿಕೊಳ್ಳುತ್ತಿತ್ತು. ಆದರೆ ಸದ್ದಿನಲ್ಲಿ ಏನೋ ಕಡಿಮೆ. ಸವೆದ ಫೋಮಿನ ಮೇಲೆ ಕೂತ ಹಾಗೆ, ಕೂತಂತೆಯೂ ಇದೆ, ತಳ ತಾಗಿದಂತೆಯೂ ಇದೆ. ಯಾರಿಗೂ ಗೊತ್ತಾಗದಿರಲಿ ಎಂದುಕೊಂಡು ಧ್ವನಿವರ್ಧಕದ ಗುಂಡಿ ಸ್ವಲ್ಪ ಹೆಚ್ಚು ತಿರುಗಿಸಿದಳು.

ಅಭ್ಯಾಸದ ದಿನ ಎರಡು ಹಾಡು ಚೆನ್ನಾಗಿಯೇ ನಡೆದವು. ಮೂರನೆಯದರಲ್ಲಿ ಅಕ್ಕ ಮೇಲಿನ ಸ್ವರಕ್ಕೆ ಏರಬೇಕಾದ ಕಡೆ ಧ್ವನಿ ಚಿರ್ರೆಂದು ಒಡೆಯಿತು. ಅವಳು ಹಾಡು ನಿಲ್ಲಿಸಿ ತಂಗಿಯ ಕಡೆ ತಿರುಗಿದಳು.

“ಏನಾಗಿದೆ ನಿನ್ನ ವಾದ್ಯಕ್ಕೆ? ಕೆಳಗೆ ಏನೂ ಇಲ್ವಲ್ಲೇ! ಹಿಡ್ಕೊಳ್ಳೋಕೆ ಏನೂ ಇಲ್ದೆ ನಾನು ಮೇಲೆ ಹೇಗೆ ಹತ್ತಲಿ?”

“ತಂತಿ ಹಳೇದಾಗಿದೆ ಅನ್ಸುತ್ತೆ ಅಕ್ಕ. ಬದಲಾಯಿಸ್ತೀನಿ.”

“ಮೊದಲು ಆ ಕೆಲಸ ಮಾಡು.”

ಮೇಷ್ಟ್ರು ತಮ್ಮ ಬೂಟಿನ ತುದಿಯನ್ನೇ ನೋಡುತ್ತಿದ್ದರು. ಮರುದಿನವೇ ಗುಡುಗಮ್ಮ ತನ್ನ ನೂರಹತ್ತನ್ನು ಮತ್ತೆ ಏರಿಸಿದಳು. ಏರಿಸುವಾಗ ತಂತಿ ಬಿಗಿಯುವ ಬಿರಟೆ ತಿರುಗಿಸಿದ್ದಕ್ಕೇ ಹೆಬ್ಬೆರಳು ಊದಿಕೊಂಡಿತು.

ಆಗಬಾರದ್ದು ಆದದ್ದು ಅದರ ಮುಂದಿನ ಶನಿವಾರ. ಸಭಾಂಗಣ ತುಂಬಿತ್ತು. ಕಟ್ಟಕಡೆಗೆ ಹಾಡುವ ಹಾಡು ಒಂದಿತ್ತು. ಜನ ಅದಕ್ಕಾಗಿಯೇ ಕಾಯುತ್ತಿದ್ದರು. ಅದರಲ್ಲಿ ಅಕ್ಕನ ಧ್ವನಿ ಮೆಲ್ಲಗೆ ಏರಿ ಏರಿ ಒಂದು ಕಡೆ ನಿಲ್ಲುತ್ತದೆ. ಆಗ ಡ್ರಮ್ಮೂ ಇಲ್ಲ, ಗಿಟಾರೂ ಇಲ್ಲ. ಕೆಳಗೆ ಬೇಸ್ ಒಂದೇ ಸ್ವರವನ್ನು ಹಿಡಿದುಕೊಂಡಿರಬೇಕು. ಆ ಜಾಗಕ್ಕೆ ಬರುವಷ್ಟರಲ್ಲಿ ಗುಡುಗಮ್ಮನ ಎಡಗೈ ಮರಗಟ್ಟಿತ್ತು. ಅದುಮು ಎಂದು ಅವಳು ಹೇಳಿದಳು, ಕೈ ಕೇಳಲಿಲ್ಲ. ಬೆರಳುಗಳು ತಾವಾಗಿ ಬಿಚ್ಚಿಕೊಂಡವು. ಸ್ವರ ಪಟ್ಟನೆ ನಿಂತಿತು. ಆ ಮೌನದ ನಡುವೆ ಅಕ್ಕನ ಧ್ವನಿ ಒಂಟಿಯಾಗಿ ಮೇಲೆ ನಿಂತು, ನಡುಗಿ, ಮುರಿಯಿತು.

ಎಲ್ಲೋ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಭಾವ ಧಡಧಡ ಡ್ರಮ್ಮು ಬಾರಿಸಿ ಹಾಡನ್ನು ಹೇಗೋ ದಡ ಸೇರಿಸಿದ.

ವೇದಿಕೆಯ ಹಿಂದಿನ ಓಣಿಯಲ್ಲಿ, ಮುರಿದ ಕುರ್ಚಿಗಳ ರಾಶಿಯ ಪಕ್ಕ, ಅಕ್ಕ ಅವಳನ್ನು ತಡೆದು ನಿಲ್ಲಿಸಿದಳು.

“ನಿನಗೆ ಬೇಡ ಅಂದ್ರೆ ಬೇಡ ಅಂತ ಹೇಳ್ಬಿಡು. ನಾನು ಅಲ್ಲಿ ಮೇಲೆ ನೇತಾಡ್ತಾ ಇರುವಾಗ ಕೈ ಬಿಡ್ತೀಯಲ್ಲ, ಯಾವ ನ್ಯಾಯ ಇದು?”

ಗುಡುಗಮ್ಮ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು. ಮುಂದೆ ಚಾಚಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ನಗು ಅವಳ ಕಿವಿಯಲ್ಲೂ ಇನ್ನೂ ಕೊರೆಯುತ್ತಿತ್ತು.

“ನನ್ನ ಕೈ ಬಿಟ್ಟಿದ್ದು ಕಂಡಿತು. ನಿನ್ನ ಗಂಟಲು ಒಡೆದಿದ್ದಕ್ಕೂ ನಾನೇ ಕಾರಣಾನಾ?”

ಅಕ್ಕನ ಮುಖ ಬಿಳಿಚಿಕೊಂಡಿತು. ಅವಳು ಏನೋ ಹೇಳಲು ಹೋದಳು, ಧ್ವನಿ ಹೊರಡಲಿಲ್ಲ.

“ಬೇರೆ ಯಾರನ್ನಾದ್ರೂ ನೋಡ್ಕೋ” ಎಂದು ಗುಡುಗಮ್ಮ ವಾದ್ಯ ಹೊತ್ತುಕೊಂಡು ಹೊರಟುಹೋದಳು.

ಮುಂದಿನ ಅಭ್ಯಾಸಕ್ಕೆ ಅಕ್ಕ ಬರಲಿಲ್ಲ, ಭಾವನೂ ಬರಲಿಲ್ಲ. ಮೇಷ್ಟ್ರು ಮಾತ್ರ ಹೊತ್ತಿಗೆ ಸರಿಯಾಗಿ ಬಂದು, ಫೋಮಿನ ರಾಶಿಯ ಮೇಲೆ ಕೂತು ಮಕ್ಕಳ ಉತ್ತರ ಪತ್ರಿಕೆ ತಿದ್ದಿ, “ಮುಂದಿನ ವಾರ ಬರ್ತೀನಿ” ಎಂದು ಎದ್ದುಹೋದರು. ಗುಡುಗಮ್ಮ ಮುಖ ಊದಿಸಿಕೊಂಡೇ ಸೋಫಾಗಳ ಬಟ್ಟೆ ಕಿತ್ತಳು. ಅಕ್ಕ ತಪ್ಪು ಒಪ್ಪಿಕೊಳ್ಳಲಿ ಎಂದು ಹಟ. ಅಕ್ಕನ ಗಂಟಲಿನ ಬಗ್ಗೆ ತಾನು ಹಾಗೆ ಕೇಳಿದ್ದು ತಪ್ಪು ಎಂದು ಒಳಗೊಳಗೇ ಸಂಕಟ. ಎರಡೂ ಒಟ್ಟಿಗೆ ಇದ್ದವು. ಹೊಲಿಗೆ ನೆಟ್ಟಗೆ ಬೀಳಲಿಲ್ಲ.

ಅಕ್ಕ ಬಸ್ ನಿಲ್ದಾಣದಲ್ಲಿ ಪ್ರಕಟಣೆ ಹೇಳುವ ಕೆಲಸದಲ್ಲಿದ್ದಳು. ಊರಿಗೆಲ್ಲ ಅವಳ ಮುಖ ಗೊತ್ತಿಲ್ಲದಿದ್ದರೂ ಧ್ವನಿ ಗೊತ್ತು. ಒಂದು ಮಧ್ಯಾಹ್ನ ಗಂಡ ಬೇರೆ ಕೆಲಸಕ್ಕೆ ಹೋಗಿದ್ದಾಗ, ಹೊಸದಾಗಿ ಕಟ್ಟಿದ ಡ್ರೈವರ್ ಸೀಟೊಂದನ್ನು ಡಿಪೋಗೆ ತಲುಪಿಸಲು ಗುಡುಗಮ್ಮನೇ ಹೋಗಬೇಕಾಯಿತು. ಡಿಪೋ ಇರುವುದು ನಿಲ್ದಾಣದ ಹಿಂದೆಯೇ. ಸೀಟು ಕೊಟ್ಟು ನಿಲ್ದಾಣದ ಒಳಗಿಂದ ಹಾದು ಬರುವಾಗ ಅಕ್ಕನ ಧ್ವನಿ ತಲೆಯ ಮೇಲೆ ಮೊಳಗಿತು: “ಪ್ರಯಾಣಿಕರ ಗಮನಕ್ಕೆ. ಬಂದರಿಗೆ ಹೋಗುವ ಬಸ್ಸು ನಾಲ್ಕನೇ ಅಂಕಣದಲ್ಲಿ ಹೊರಡಲು ಸಿದ್ಧವಾಗಿದೆ.” ದುಂಡಗಿನ, ಎಳೆಯ, ತುಂಬಿದ ಧ್ವನಿ. ‘ನನ್ನ ಮೇಲೆ ಸಿಟ್ಟು ಮಾಡಿಕೊಂಡು ಎಷ್ಟು ಆರಾಮಾಗಿ ಇದ್ದಾಳೆ ನೋಡು’ ಎಂದು ಉರಿಯಿತು ಅವಳಿಗೆ. ಹಾಗೆಯೇ ಗಾಜಿನ ಗೂಡಿನ ಕಡೆ ಕಣ್ಣು ಹಾಯಿಸಿದಳು.

ಅಕ್ಕ ಒಳಗೆ ಕೂತಿದ್ದಳು. ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು, ಎರಡೂ ಕೈಯಲ್ಲಿ ಬಿಸಿನೀರಿನ ಲೋಟ ಹಿಡಿದು, ಹಬೆಗೆ ಮುಖ ಒಡ್ಡಿದ್ದಳು. ಬಾಯಿ ಮುಚ್ಚಿತ್ತು. ಧ್ವನಿ ಮಾತ್ರ ಮೇಲಿನಿಂದ ಬರುತ್ತಲೇ ಇತ್ತು.

ಗುಡುಗಮ್ಮ ಅಲ್ಲೇ ನಿಂತುಬಿಟ್ಟಳು. ಪಕ್ಕದ ಟಿಕೆಟ್ ಕೌಂಟರಿನ ಹೆಂಗಸು ಅವಳ ಮುಖ ನೋಡಿ ನಕ್ಕಳು. “ಅದು ರೆಕಾರ್ಡು ಕಣ್ರೀ. ಮಧ್ಯಾಹ್ನದ ಮೇಲೆ ಮೇಡಂ ಗಂಟಲು ಕೈ ಕೊಡುತ್ತೆ. ಚೆನ್ನಾಗಿದ್ದಾಗ ಹೇಳಿದ್ದನ್ನ ಹಿಡಿದಿಟ್ಟಿದ್ರು, ಅದನ್ನೇ ಹಾಕ್ತಾರೆ. ನೀವು ಯಾರು, ಪರಿಚಯಾನಾ?”

“ತಂಗಿ.”

“ತಂಗಿ ಅಂತೀರಿ, ನಿಮಗೇ ಗೊತ್ತಿಲ್ವಾ?”

ಆ ಮಾತು ನಾಟಿತು. ಅವಳು ಗೂಡಿನ ಬಾಗಿಲು ತಳ್ಳಿ ಒಳಗೆ ಹೋದಳು. ಅಕ್ಕ ತಿರುಗಿ ನೋಡಿ, ಲೋಟ ಕೆಳಗಿಟ್ಟು, ಕುತ್ತಿಗೆಯ ಬಟ್ಟೆಯನ್ನು ಸರಸರ ಬಿಚ್ಚಲು ಹೋದಳು.

“ಇರ್ಲಿ ಬಿಡು ಅಕ್ಕ. ನೋಡಿಯಾಯ್ತು.”

ಮೇಲಿನ ಧ್ವನಿ ಇನ್ನೊಂದು ಬಸ್ಸು ಕಳಿಸಿತು.

“ಯಾವಾಗಿಂದ?”

“ಆಯ್ತು, ವರ್ಷದ ಹತ್ತಿರ.” ಅಕ್ಕನ ಮಾತು ಕರಕರ ಅನ್ನುತ್ತಿತ್ತು, ಒಣಗಿದ ರೆಕ್ಸಿನ್ ಮಡಿಸಿದ ಹಾಗೆ. “ಡಾಕ್ಟ್ರು ಹೇಳಿದ್ರು, ದೊಡ್ಡ ಕಾಯಿಲೆ ಏನಲ್ಲ, ಧ್ವನಿ ಇಳಿದಿದೆ ಅಷ್ಟೆ. ವಯಸ್ಸು, ದುಡಿಮೆ. ಮೇಲಿನ ಸ್ವರಕ್ಕೆ ಒತ್ತಡ ಹಾಕಿದ್ರೆ ಇರೋದೂ ಹೋಗುತ್ತಂತೆ. ಶ್ರುತಿ ಒಂದು ಮನೆ, ಅಂದ್ರೆ ಒಂದು ಸ್ವರದಷ್ಟು, ಇಳಿಸಿ ಹಾಡಿದ್ರೆ ಏನೂ ತೊಂದರೆ ಇಲ್ಲ ಅಂದ್ರು. ಮನೇಲಿ ಹಾಡಿ ನೋಡ್ದೆ. ಚೆನ್ನಾಗೇ ಬರುತ್ತೆ.”

“ಹಾಗಾದ್ರೆ ಇಳಿಸೋಣ ಅಂತ ಒಂದು ಮಾತು ಹೇಳ್ಬಾರ್ದಾ?”

“ಹೇಗೆ ಹೇಳ್ಲಿ? ನೀನೇ ಒಂದ್ಸಲ ಹೇಳಿದ್ದೆ, ಇಳಿಸಿದ್ರೆ ತಂತಿ ಸಡಿಲ ಆಗುತ್ತೆ, ಗುಡುಗು ಸತ್ತುಹೋಗುತ್ತೆ ಅಂತ. ಜನ ಕುಣಿಯೋದು ನಿನ್ನ ಗುಡುಗಿಗೆ. ನನ್ನ ಗಂಟಲು ಕೆಟ್ಟಿದ್ದಕ್ಕೆ ನಿನ್ನ ವಾದ್ಯ ಯಾಕೆ ಕೆಡಿಸ್ಲಿ ಅಂತ ಸುಮ್ಮನಿದ್ದೆ. ಆಮೇಲೆ ಸಿಟ್ಟೆಲ್ಲ ನಿನ್ನ ಮೇಲೇ ಹಾಕ್ದೆ. ತಪ್ಪಾಯ್ತು ಕಣೇ.”

ಗುಡುಗಮ್ಮ ಎಡಗೈಯನ್ನು ಮೇಜಿನ ಮೇಲೆ, ಮೈಕಿನ ಪಕ್ಕದಲ್ಲಿ ಇಟ್ಟಳು. ಹೆಬ್ಬೆರಳಿನ ಬುಡ ಉಬ್ಬಿ ಕೆಂಪಗಾಗಿತ್ತು. ಅಕ್ಕ ಅದನ್ನು ನೋಡಿದಳು, ತಂಗಿಯ ಮುಖ ನೋಡಿದಳು, ಮತ್ತೆ ಕೈ ನೋಡಿದಳು.

“ಇದೇನೇ ಇದು!”

“ಕೀಲು ಸವೆದಿದೆ. ಗಟ್ಟಿ ತಂತಿ ಅದುಮೋಕೆ ಆಗ್ತಿಲ್ಲ. ತೆಳ್ಳನೆಯದು ಹಾಕ್ದೆ, ನಿನಗೆ ಸರಿ ಬರ್ಲಿಲ್ಲ. ದಪ್ಪದ್ದೇ ಹಾಕ್ದೆ, ಕೈ ಬಿಟ್ಟುಹೋಯ್ತು.” ಅಳು ಬರುತ್ತದೆ ಎಂದುಕೊಂಡಿದ್ದಳು, ಬಂದದ್ದು ನಗು. “ಅಯ್ಯೋ ಅಕ್ಕ, ಇಳಿಸಿದ್ರೆ ತಂತಿ ಸಡಿಲ ಆಗುತ್ತೆ ಅಂತ ನಾನು ಹೇಳಿದ್ದು ನಿಜ. ಈಗ ನನಗೆ ಬೇಕಾಗಿರೋದೇ ಅದಲ್ವೇನೇ! ನೀನು ‘ಇಳಿಸು’ ಅಂದಿದ್ರೆ ನನ್ನ ಕೈಗೆ ಆಗಲೇ ರಜೆ ಸಿಕ್ತಿತ್ತು!”

ಅಕ್ಕನಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಅವಳೂ ನಕ್ಕಳು. ಕೆಮ್ಮು ಬಂತು, ಕೆಮ್ಮುತ್ತಲೇ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಕೌಂಟರಿನ ಹೆಂಗಸು ಗಾಜಿನಾಚೆ ಬಾಯಿಬಿಟ್ಟು ನೋಡುತ್ತಿದ್ದಳು.

ಮುಂದಿನ ಅಭ್ಯಾಸದಲ್ಲಿ ವಿಷಯ ಹೊರಬಿತ್ತು. ಭಾವ ತಲೆ ಚಚ್ಚಿಕೊಂಡು, “ಅಕ್ಕತಂಗಿಯರಿಬ್ಬರೂ ಸೇರಿ ನನ್ನನ್ನ ನಡುವೆ ಕೂರಿಸಿ ಹುರಿದುಬಿಟ್ರಿ. ಇವಳು ಮನೇಲಿ ಸನ್ನೆ ಮಾಡ್ಕೊಂಡು ಓಡಾಡ್ತಾಳೆ, ಕೇಳಿದ್ರೆ ಮೌನವ್ರತ ಅಂತಾಳೆ!” ಎಂದ. ಮೇಷ್ಟ್ರು ಕೈ ಎತ್ತಿ ಒಂದೇ ಪ್ರಶ್ನೆ ಕೇಳಿದರು: “ಎಲ್ಲಾ ತಂತಿ ಒಂದೇ ಸಮನೆ ಇಳಿಸಿದ್ರೆ ನನ್ನ ಬೆರಳು ಈಗಿರೋ ಜಾಗದಲ್ಲೇ ಇರುತ್ತೆ, ಅಲ್ವಾ?” ಹೌದು ಎಂದ ಮೇಲೆ, “ಹಾಗಾದ್ರೆ ನನ್ನ ಅಭ್ಯಂತರ ಇಲ್ಲ” ಎಂದು ಬಿರಟೆ ತಿರುಗಿಸತೊಡಗಿದರು.

ಇಳಿಸಿ ಹಾಡಿದರು. ಅಕ್ಕನ ಧ್ವನಿ ಕೇಳಿ ಭಾವ ತಾಳ ತಪ್ಪಿದ. ಮೊದಲಿನ ಹೊಳಪು ಅದರಲ್ಲಿರಲಿಲ್ಲ. ಬದಲಿಗೆ ಒಂದು ಬಗೆಯ ಆಳ, ಸಾವಧಾನ ಬಂದಿತ್ತು. ಗುಡುಗಮ್ಮನ ಕೈಯೂ ಹಗುರಾಗಿತ್ತು. ಆದರೆ ಕೆಳಗಿನ ತಂತಿ ಮಾತ್ರ ಪ್ರತಿ ಸಲ ಮೀಟಿದಾಗಲೂ ಜರ್ರ್ ಎಂದು ವಾದ್ಯದ ಕತ್ತಿನ ಲೋಹದ ಪಟ್ಟಿಗಳಿಗೆ ತಾಗಿ ಕಿರುಗುಟ್ಟುತ್ತಿತ್ತು. ಹಾಗಾಗಿ ಅಕ್ಕತಂಗಿಯರಿಬ್ಬರೂ ವಾದ್ಯ ತೆಗೆದುಕೊಂಡು ಅಂಗಡಿಗೆ ಹೋದರು.

“ಶ್ರುತಿ ಇಳಿಸಿದ್ದೀರಾ? ಹಾಗಾದ್ರೆ ನೂರಿಪ್ಪತ್ತು ಹಾಕಿ!” ಎಂದು ಅಂಗಡಿಯವನು ಆಗಲೇ ಡಬ್ಬಿಗೆ ಕೈ ಹಾಕಿದ್ದ. “ಮೊದಲಿನಷ್ಟೇ ಬಿಗಿ ಬರುತ್ತೆ. ಕಟ್ಟಡ ಅಲ್ಲಾಡುತ್ತೆ!”

“ನಮಗೆ ಕಟ್ಟಡ ಅಲ್ಲಾಡೋದು ಬೇಡ. ಕೈ ಅಲ್ಲಾಡಿದ್ರೆ ಸಾಕು” ಎಂದಳು ಗುಡುಗಮ್ಮ.

ಹಿಂದಿನ ಮೇಜಿನಿಂದ ಅವನ ಹೆಂಡತಿ ಎದ್ದು ಬಂದು ವಾದ್ಯವನ್ನು ಕೈಗೆ ತೆಗೆದುಕೊಂಡಳು. ಅದರ ಉದ್ದನೆಯ ಕತ್ತನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, “ತಂತಿ ಎಳೆಯೋದು ಕಡಿಮೆ ಆಗಿದೆಯಲ್ಲ, ಕತ್ತು ಹಿಂದಕ್ಕೆ ವಾಲಿದೆ. ಅದಕ್ಕೇ ತಾಗ್ತಿದೆ. ಕತ್ತಿನ ಒಳಗಿನ ಕಂಬಿ ಸ್ವಲ್ಪ ಸಡಿಲ ಮಾಡಿ ಕೊಡ್ತೀನಿ. ಆದ್ರೆ ಮೊದಲು ಯಾವ ತಂತಿ ಅಂತ ಹೇಳಿ. ನೆಂಟರ ಹುಡುಗಿಗೆ ಕೊಂಡಿದ್ರಲ್ಲ, ಅದು ಸರಿ ಹೋಯ್ತಾ?” ಎಂದಳು.

ಗುಡುಗಮ್ಮ ಪೆಚ್ಚಾಗಿ ನಕ್ಕಳು. “ಆ ಹುಡುಗಿಗೆ ಐವತ್ತು ವರ್ಷ ಕಣ್ರೀ.”

“ಅವತ್ತೇ ಗೊತ್ತಾಯ್ತು, ನೀವು ಪರ್ಸ್ ತೆಗೆದ ರೀತೀಲಿ.”

ಒಂದೊಂದೇ ತಂತಿ ಹಾಕಿ ನೋಡೋಣ ಎಂದಾಯಿತು. ಮೊದಲು ನೂರ ಹದಿನೈದು. ಗುಡುಗಮ್ಮ ಸ್ಟೂಲಿನ ಮೇಲೆ ಕೂತು ನುಡಿಸಿದಳು, ಅಕ್ಕ ಪಕ್ಕದಲ್ಲಿ ನಿಂತು ಮೆಲುದನಿಯಲ್ಲಿ ಹಾಡಿದಳು. ಗಾಜಿನ ಕಪಾಟು ಝುಮ್ಮೆಂದಿತು. ಅಕ್ಕನ ಮುಖ ಅರಳಿತು.

“ಇದೇ! ಇದೇ ಇರ್ಲಿ ಕಣೇ! ಎಷ್ಟು ಚೆನ್ನಾಗಿದೆ!”

ಗುಡುಗಮ್ಮ ನುಡಿಸುತ್ತಲೇ ಇದ್ದಳು. ಮೊದಲ ಹಾಡಿಗೆ ಹಿತವಾಗಿತ್ತು. ಎರಡನೆಯದರ ನಡುವೆ ಹೆಬ್ಬೆರಳಿನ ಬುಡದಲ್ಲಿ ಹಳೆಯ ಕುಟುಕು ಸಣ್ಣಗೆ ತಲೆಯೆತ್ತಿತು. ಅಕ್ಕನ ಮುಖದ ಸಂತೋಷ ನೋಡಿದಳು. ಬದುಕಿನಲ್ಲಿ ಎಷ್ಟೋ ಸಲ ಆ ಮುಖ ನೋಡಿಯೇ ಹೂಂ ಅಂದಿದ್ದಳು. ಈ ಸಲವೂ ನಾಲಿಗೆ ತುದಿಗೆ ಹೂಂ ಬಂದಿತ್ತು.

“ನೋಯುತ್ತೆ ಅಕ್ಕ” ಎಂದಳು.

ಅಕ್ಕ ಒಂದು ಕ್ಷಣ ಸಪ್ಪಗಾದಳು. ಅದನ್ನು ಮುಚ್ಚಿಡಲೂ ಹೋಗಲಿಲ್ಲ. ಆಮೇಲೆ ರಿಪೇರಿಯಾಕೆಯ ಕಡೆ ತಿರುಗಿ, “ತೆಗೀರಿ ಅದನ್ನ” ಎಂದಳು.

ನೂರೈದು ಹಾಕಿದರು. ಅದು ಇಳಿಸಿದ ಶ್ರುತಿಯಲ್ಲಿ ಜೋಲಿ ಹೊಡೆಯಿತು. ಸ್ವಲ್ಪ ಜೋರಾಗಿ ಮೀಟಿದರೆ ಸ್ವರವೇ ಅತ್ತಿತ್ತ ಒಲೆಯುತ್ತಿತ್ತು. ಮತ್ತೆ ನೂರಹತ್ತಕ್ಕೇ ಬಂದರು, ಹೊಸದಕ್ಕೆ. ಕಂಬಿ ಸಡಿಲ ಮಾಡಿ, ತಂತಿಯನ್ನು ಒಂದಿಷ್ಟು ಮೇಲೆತ್ತಿ ಕೂರಿಸಿದ ಮೇಲೆ ಕಿರುಗುಟ್ಟುವುದು ನಿಂತಿತು. ಗುಡುಗಮ್ಮ ಸೋಫಾದ ಸೀಟನ್ನು ಅಂಗೈಯಿಂದ ಒತ್ತಿ ನೋಡುವ ಹಾಗೆ ತಂತಿಯನ್ನು ಅಲ್ಲಲ್ಲಿ ಒತ್ತಿ ನೋಡಿದಳು. ಒಳಗೆ ಹೋಗುತ್ತದೆ, ಆದರೆ ತಳ ಕಾಣುವುದಿಲ್ಲ. ಅಷ್ಟು ಸಾಕು. ದಪ್ಪದ ತಂತಿಯನ್ನೇ ಒಂದು ಮನೆ ಇಳಿಸಿದರೆ ಕೈಗೆ ಹೆಚ್ಚುಕಡಿಮೆ ತೆಳ್ಳನೆಯದರ ಹಾಗೆಯೇ ಇರುತ್ತದೆ, ಸದ್ದು ಮಾತ್ರ ತೆಳುವಾಗುವುದಿಲ್ಲ ಎಂದು ರಿಪೇರಿಯಾಕೆ ಹೇಳಿದಳು. ಪಕ್ಕದ ತಂತಿಗೆ ತೊಂಬತ್ತರ ಬದಲು ಎಂಬತ್ತೈದು ಆಯ್ದುಕೊಂಡರು. ಆ ತಂತಿಯ ಮೇಲೆ ಅವಳು ಬೆರಳನ್ನು ಹೆಚ್ಚು ಚಾಚಬೇಕಾಗುತ್ತಿತ್ತು, ನೋವು ಜಾಸ್ತಿ ಕಾಣುತ್ತಿದ್ದದ್ದೂ ಅಲ್ಲಿಯೇ.

ಎಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಅಕ್ಕ ಗಂಟಲು ಸರಿಮಾಡಿಕೊಂಡಳು.

“ನೀನು ನೋಯುತ್ತೆ ಅಂದ್ಯಲ್ಲ, ನಾನೂ ಒಂದು ಹೇಳ್ಬಿಡ್ತೀನಿ. ಆ ಕಟ್ಟಕಡೆ ಹಾಡು ಇದೆಯಲ್ಲ, ಅದು ಇಷ್ಟು ಇಳಿಸಿದ್ರೂ ಆಗ್ತಿಲ್ಲ. ಇನ್ನೂ ಒಂದು ಮನೆ ಬೇಕು.”

“ಇನ್ನೂ ಇಳಿಸಿದ್ರೆ ಇದು ಬಟ್ಟೆ ಒಣಗಿಸೋ ಹಗ್ಗ ಆಗುತ್ತೆ ಅಕ್ಕ.”

“ಗೊತ್ತು. ಅದಕ್ಕೇ ಆ ಹಾಡನ್ನ ಬಿಟ್ಟುಬಿಡೋಣ ಅಂತ.”

ಆ ಹಾಡು ಅಕ್ಕನಿಗೆ ಎಷ್ಟು ಇಷ್ಟ ಎಂದು ಗುಡುಗಮ್ಮನಿಗೆ ಗೊತ್ತಿತ್ತು. ಅಕ್ಕ ಭಾವನಿಗೆ ಮೊದಲು ಕೇಳಿಸಿದ ಹಾಡು ಅದು. ಬೇಡ ಬಿಡಬೇಡ ಎಂದು ಬಾಯಿಮಾತಿಗೆ ಹೇಳಬಹುದಿತ್ತು. ಅವಳು ಹೇಳಲಿಲ್ಲ. ಅಕ್ಕನ ಬೆನ್ನ ಮೇಲೆ ಕೈಯಿಟ್ಟಳು. ಅಂಗಡಿಯವನು ಉಳಿದ ಡಬ್ಬಿಗಳನ್ನು ಎತ್ತಿಡುತ್ತಿದ್ದ.

ಶನಿವಾರ ಸಭಾಂಗಣಕ್ಕೆ ಇಬ್ಬರೂ ಹೊತ್ತಿಗೆ ಮೊದಲೇ ಹೋದರು. ಗುಡುಗಮ್ಮನಿಗಾಗಿ ಅವಳ ಗಂಡ ಒಂದು ಎತ್ತರದ ಸ್ಟೂಲಿಗೆ ದಪ್ಪ ಫೋಮು ಹಾಕಿ ಕಟ್ಟಿಕೊಟ್ಟಿದ್ದ. ಕೂತು ನುಡಿಸಿದರೆ ಮಣಿಕಟ್ಟು ಬಾಗುವುದು ಕಡಿಮೆ. ಮೊದಲ ಹಾಡಿಗೆ ಕುಣಿಯುವವರು ಹೆಜ್ಜೆ ಹುಡುಕಿಕೊಳ್ಳುತ್ತಿರುವ ಹಾಗೆ ಕಂಡಿತು. ಎಲ್ಲವೂ ಒಂದಿಷ್ಟು ಕೆಳಗೆ, ಒಂದಿಷ್ಟು ಭಾರವಾಗಿ ಕೇಳುತ್ತಿತ್ತು. ಎರಡನೆಯ ಹಾಡಿಗೆ ಅವರು ಹತ್ತಿರ ಹತ್ತಿರ ಬಂದರು. ಮೂರನೆಯದಕ್ಕೆ ಯಾರೂ ಕುರ್ಚಿಯಲ್ಲಿ ಉಳಿಯಲಿಲ್ಲ. ನಿವೃತ್ತ ಎಂಜಿನ್ ಚಾಲಕರೊಬ್ಬರು ಹೆಂಡತಿಯನ್ನು ತಿರುಗಿಸುತ್ತಲೇ ವೇದಿಕೆಯ ಹತ್ತಿರ ಬಂದು, “ಇವತ್ತು ಸದ್ದು ಕಿವಿಗೆ ಬರ್ತಿಲ್ಲಮ್ಮ, ಸೀದಾ ಮೊಣಕಾಲಿಗೆ ಬರ್ತಿದೆ!” ಎಂದು ಕೂಗಿ ಹೋದರು.

ಕೊನೆಯ ಹೊತ್ತಿಗೆ ಗುಡುಗಮ್ಮನ ಕೈ ನೋಯದೇ ಇರಲಿಲ್ಲ. ಆದರೆ ಅದು ಮಾತು ಕೇಳುವ ನೋವಾಗಿತ್ತು. ಹಾಡಿನ ನಡುವೆ ಕೈ ಕೊಡವಿಕೊಂಡರೆ ಕಡಿಮೆಯಾಗುತ್ತಿತ್ತು. ಕಟ್ಟಕಡೆಯ ಹಾಡಿಗಾಗಿ ಜನ ಕೂಗಲು ಶುರುಮಾಡಿದರು. ಅಕ್ಕ ಮೈಕನ್ನು ಹತ್ತಿರ ಎಳೆದುಕೊಂಡಳು.

“ಆ ಹಾಡು ಈಗ ನನ್ನ ಗಂಟಲಿಗೆ ಬರಲ್ಲ” ಎಂದಳು. “ಇಷ್ಟು ವರ್ಷ ಬಂತು. ನೀವೂ ಕುಣಿದ್ರಿ. ಬೇರೆ ಯಾವುದಾದ್ರೂ ಕೇಳಿ, ಹಾಡ್ತೀನಿ.”

ಮೂಲೆಯಿಂದ ಒಬ್ಬ ಹೆಂಗಸು, ತುಂಬ ಹಳೆಯ, ನಿಧಾನದ ಜೋಗುಳವೊಂದರ ಹೆಸರು ಹೇಳಿದಳು. ಅದನ್ನು ಅವರು ಎಂದೂ ಅಭ್ಯಾಸ ಮಾಡಿರಲಿಲ್ಲ. ಮೇಷ್ಟ್ರು ಗಾಬರಿಯಿಂದ ಭಾವನ ಕಡೆ ನೋಡಿದರು. ಭಾವ ಭುಜ ಹಾರಿಸಿದ. ಅಕ್ಕ ತಂಗಿಯ ಕಡೆ ತಿರುಗಿ, “ಅಮ್ಮ ಹಾಡ್ತಿದ್ದದ್ದು. ನೆನಪಿದೆಯಾ?” ಎಂದು ಕೇಳಿದಳು.

“ಅರ್ಧಂಬರ್ಧ.”

“ನನಗೂ ಅಷ್ಟೇ. ನೀನು ಶುರು ಮಾಡು, ನಾನು ಹಿಂದೆ ಬರ್ತೀನಿ.”

ಗುಡುಗಮ್ಮ ಕೆಳಗಿನ ತಂತಿಯನ್ನು ಮೆಲ್ಲಗೆ, ಬೆರಳಿನ ಮೆತ್ತನೆಯ ಭಾಗದಿಂದ ಮೀಟಿದಳು. ಅಕ್ಕ ಎರಡನೆಯ ಸಾಲಿನಲ್ಲೇ ಪದ ಮರೆತು ‘ಲಾಲಾ’ ಎಂದು ಮುಂದುವರಿಸಿದಳು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ವಯಸ್ಸಾದ ಜೋಡಿಗಳು ತಲೆಗೆ ತಲೆ ತಾಗಿಸಿಕೊಂಡು, ಇದ್ದಲ್ಲೇ ತೂಗಾಡುತ್ತ ನಿಂತಿದ್ದರು.